ಖಾಲಿ ಬಂದೂಕಿಗೆ ಪೂಜೆಯಿಲ್ಲ

ಈ ಸಲ ಆಯುಧಪೂಜೆಯ ಬೆಳಿಗ್ಗೆ ಮಿಕ್ಸಿಗೆ ಕುಂಕುಮ ಹಚ್ಚುತ್ತಿದ್ದೆ. ಸ್ಕೂಟರ್ ತೊಳೆದು ಒಳಬಂದ ನಮ್ಮ ಯಜಮಾನರು, "ಜಾರಿಗೆ ಒಂದ್ ಹಿಡಿ ಅಕ್ಕಿನಾದ್ರೂ ಹಾಕೇ, ಖಾಲಿ ಇಟ್ಟು ಪೂಜೆ ಮಾಡ್ಬಾರ್ದು" ಅಂದರು. ನೀವು ನಗಬೇಡಿ, ನನ್ನ ಎದೆ ಧಸಕ್ಕೆಂದಿತು. ಪ್ರತಿ ವರ್ಷವೂ ಅನ್ನುತ್ತದೆ, ಆದರೂ ಸುಮ್ಮನೆ ಅಕ್ಕಿ ಹಾಕುತ್ತಾ ಬಂದಿದ್ದೇನೆ.

ಮೊದಲು ನಾವಿದ್ದದ್ದು ಮೈಸೂರಿನ ನಜರ್‌ಬಾದಿನಲ್ಲಿ, ಯಜಮಾನರ ದೊಡ್ಡಪ್ಪನ ಮನೆಯಲ್ಲಿ. ನನಗೆ ಅವರು ದೊಡ್ಡಮಾವ. ಊರಿನ ಹೊಲಕ್ಕೆ ನುಗ್ಗುವ ಹಂದಿ ಹೆದರಿಸಲೆಂದು ಹಿರಿಯರು ಲೈಸೆನ್ಸ್ ಮಾಡಿಸಿದ್ದ ಬಂದೂಕು ದೊಡ್ಡಮಾವನ ಪಾಲಿಗೆ ಬಂದಿತ್ತು. ಹೊಲ ಮಾರಿಯಾಯಿತು, ಹಂದಿ ಊರಲ್ಲೇ ಉಳಿಯಿತು, ಬಂದೂಕು ಮಾತ್ರ ಮೈಸೂರಿಗೆ ಬಂದು ದೇವರಾಯಿತು. ಚಾಮುಂಡಿ ಪಟದ ಪಕ್ಕದಲ್ಲೇ ಅದಕ್ಕೊಂದು ಮಣೆ. ನಜರ್‌ಬಾದಿನಲ್ಲಿ ಅದು ಹೆದರಿಸಬೇಕಾದ ಪ್ರಾಣಿಯೆಂದರೆ ಎದುರುಮನೆಯ ಬೆಕ್ಕು.

ಎಲೆಕ್ಷನ್ ಬಂದು, ಬಂದೂಕನ್ನು ಸ್ಟೇಷನ್ನಿಗೆ ಒಪ್ಪಿಸಿ ಎಂದು ಪೊಲೀಸರು ಹೇಳಿದಾಗ ನೋಡಬೇಕಿತ್ತು ಅವರ ಭಕ್ತಿ. "ತಾಯೀನ ಯಾರಾದ್ರೂ ಲಾಕಪ್ಪಿಗೆ ಕಳಿಸ್ತಾರಾ? ಧರ್ಮದ ವಿಷ್ಯ ಕಣಮ್ಮ, ಸರ್ಕಾರಕ್ಕೇನ್ ಗೊತ್ತು!" ಅದೇ ತಾಯಿಯ ಬೆಟ್ಟದ ಮೆಟ್ಟಿಲು ಹತ್ತೋಣ ಎಂದರೆ ಮಾತ್ರ ಮಂಡಿನೋವು.

ಮಗಳಿಗೆ ನಾಲ್ಕು ತುಂಬಿದ ವರ್ಷ ಆಯುಧಪೂಜೆಗೆ ಕೂತ ದೊಡ್ಡಮಾವ ಬಂದೂಕಿಗೆ ತೋಟಾ ತುಂಬಿದರು.

"ಮಾವ, ಮಗು ಓಡಾಡ್ತಾ ಇದೆ."

"ಖಾಲಿ ಕಳಶ ಇಟ್ಟು ಪೂಜೆ ಮಾಡ್ತೀಯಾ? ಖಾಲಿ ಬಂದೂಕಿಗೂ ಮಾಡ್ಬಾರ್ದು. ತಾಯಿ ಅವ್ಳೆ ಬುಡು."

ಕಳಶದಲ್ಲಿರುವುದು ನೀರು ಎನ್ನಲು ನನಗೆ ನಾಲಗೆ ಏಳಲಿಲ್ಲ. ಶಾಸ್ತ್ರವೆಂದರೆ ತಲೆ ತಗ್ಗಿಸುವವಳು ನಾನೂ. ಬಂದೂಕಿನ ಮುಂದೆ ಬೂದುಗುಂಬಳ, ಅದಕ್ಕೆ ಒರಗಿಕೊಂಡು ಮಗಳು. ಕರ್ಪೂರದ ಡಬ್ಬಿ ಅಡುಗೆಮನೆಯಲ್ಲೇ ಮರೆತಿದ್ದೆ, ತರಲು ಅವಳು ಓಡಿದಳು. ದೊಡ್ಡಮಾವ ಸೇವಂತಿಗೆ ಹಾರವನ್ನು ಸರಿಮಾಡಲು ಎಳೆದರು. ದಾರ ಟ್ರಿಗರಿಗೆ ಸುತ್ತಿಕೊಂಡಿತ್ತು.

ಢಮಾರ್! ಕುಂಬಳಕಾಯಿ ಚೂರುಚೂರಾಗಿ ಗೋಡೆಗೆಲ್ಲ ಮೆತ್ತಿತು.

ದೊಡ್ಡಮಾವ ಮುಖಕ್ಕೆ ಸಿಡಿದ ಕುಂಬಳದ ತಿರುಳನ್ನು ಒರೆಸಿಕೊಂಡರು. "ನೋಡ್ದಾ? ದೃಷ್ಟೀನೆಲ್ಲ ತಾಯಿನೇ ತೆಗೆದ್ಬುಟ್ಲು!"

ಮೊದಲ ಸಲ ನಾನು ಎದುರಾಡಿದೆ. "ಕಾಪಾಡಿದ್ದು ತಾಯಿನೇ ಮಾವ. ನಿಮ್ಮಿಂದ ಕಾಪಾಡಿದ್ಲು. ಈ ದೇವರು ಈ ಮನೇಲಿದ್ರೆ ಮಗೂನ ಕರ್ಕೊಂಡು ನಾನ್ ಹೊರಡ್ತೀನಿ."

"ಹೋಗು, ಯಾರ್ ಬ್ಯಾಡ ಅಂದೋರು?"

ಆಗ ಅವರದೇ ಶಾಸ್ತ್ರ ಎತ್ತಿದೆ. "ನವರಾತ್ರಿಗೆ ಕೂರಿಸಿದ್ದನ್ನ ವಿಸರ್ಜನೆ ಮಾಡ್ದೆ ಇಟ್ಕೊಂಡ್ರೆ ಮನೆಗೆ ಒಳ್ಳೇದಲ್ಲ ಮಾವ."

ಈ ಮಾತಿಗೆ ಅವರು ಬೆವೆತರು! ಮಗುವಿನ ಪ್ರಾಣಕ್ಕೆ ಕರಗದ ಮನಸ್ಸು ವಿಸರ್ಜನೆಗೆ ಕರಗಿತು. ವಿಜಯದಶಮಿಯ ಮಾರನೇ ದಿನ ಬಂದೂಕು ಹೂವಿನ ಸಮೇತ ಆಟೋ ಹತ್ತಿ ಸ್ಟೇಷನ್ನಿಗೆ ಹೋಯಿತು, ಹಿಂದೆಯೇ ಲೈಸೆನ್ಸೂ ಹೋಯಿತು. ನಾನು ಮಾತ್ರ ಇವತ್ತಿಗೂ ದೇವರಿಗೆ ದೀಪ ಹಚ್ಚಿ, ಮರೆತುಹೋದ ಆ ಕರ್ಪೂರದ ಡಬ್ಬಿಗೂ ಒಮ್ಮೆ ಕೈ ಮುಗಿಯುತ್ತೇನೆ.

ಯಜಮಾನರು ಅಕ್ಕಿ ಹಿಡಿದು ನಿಂತೇ ಇದ್ದರು. ನಾನು ಮಿಕ್ಸಿಯ ಪ್ಲಗ್ ಕಿತ್ತೆ. ಜಾರನ್ನು ಬೋರಲು ಹಾಕಿ ಅದರ ಬೆನ್ನಿಗೆ ಕುಂಕುಮವಿಟ್ಟೆ.

"ಖಾಲಿ ಇದೆಯಲ್ಲೇ!"

"ಹೂಂ ಕಣ್ರೀ, ಖಾಲಿ ಇದೆ ಅಂತ ನೋಡೇ ಇಟ್ಟಿದೀನಿ" ಎಂದು ಮಂಗಳಾರತಿ ಎತ್ತಿದೆ.