ಲಾಯಿಲದ ಅಂಗಳದಲ್ಲಿ ಪಕ್ಕೆಲುಬು ಸುಟ್ಟ ಭಾನುವಾರ

ನನ್ನ ತಂಗಿಯ ದವಡೆಯನ್ನು ಅವಳ ಗಂಡ ಮುರಿದದ್ದು ಕುಕ್ಕರಿನ ಮುಚ್ಚಳದಿಂದ. ವಿಟ್ಲದ ಹತ್ತಿರ ಅವರ ಮನೆ. ಅವನು ಮಧ್ಯಾಹ್ನ ಊಟಕ್ಕೆ ಬಂದಾಗ ಅನ್ನ ಇನ್ನೂ ಆಗಿರಲಿಲ್ಲ, ಇವಳು ಫೋನಿನಲ್ಲಿ ನನ್ನ ಜೊತೆ ಮಾತಾಡುತ್ತಿದ್ದಳು. "ಅಕ್ಕ, ಅವರು ಬಂದ್ರು, ಇಡ್ತೇನೆ" ಅಂದಳು. ಫೋನ್ ಇಟ್ಟಳು. ಮತ್ತೆ ನನಗೆ ಕರೆ ಬಂದದ್ದು ಆಸ್ಪತ್ರೆಯಿಂದ.

ನಾನು ಹೋಗುವ ಹೊತ್ತಿಗೆ ಅವಳ ಮುಖದ ಒಂದು ಬದಿ ಹಲಸಿನ ಹಣ್ಣಿನ ಹಾಗೆ ಊದಿತ್ತು. ಕಣ್ಣು ಎಲ್ಲಿದೆ ಎಂದು ಹುಡುಕಬೇಕಿತ್ತು. ಬಾಯಿಯಿಂದ ರಕ್ತ ಬೆರೆತ ಜೊಲ್ಲು ಇಳಿಯುತ್ತಲೇ ಇತ್ತು, ಅದನ್ನು ಒರೆಸಿಕೊಳ್ಳಲು ಕೈಯಲ್ಲಿ ಒಂದು ಬೈರಾಸು ಹಿಡಿದಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದದ್ದೆಂದು ಅವಳ ಗಂಡ ಹೇಳಿದ್ದನಂತೆ. ಅಲ್ಲಿದ್ದ ಡಾಕ್ಟರಮ್ಮ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಬಾಗಿಲು ತೆಗೆದಾಗ ಪೊಲೀಸರಿಗೆ ತಿಳಿಸಿಯಾಗಿತ್ತು. ಕೇಸಾಯಿತು. ಅವನಿಗೆ ಜಾಮೀನೂ ಆಯಿತು.

ದವಡೆ ಕೂಡಿಕೊಳ್ಳಲು ಮೇಲಿನ ಹಲ್ಲಿಗೆ ಕೆಳಗಿನ ಹಲ್ಲನ್ನು ತಂತಿಯಿಂದ ಬಿಗಿದರು. ಮನೆಗೆ ಕಳಿಸುವಾಗ ಒಂದು ಕಟಿಂಗ್ ಪ್ಲಯರ್ ಯಾವಾಗಲೂ ಹತ್ತಿರ ಇಟ್ಟುಕೊಳ್ಳಲು ಹೇಳಿದರು. ವಾಂತಿ ಬಂದರೆ ಉಸಿರು ಕಟ್ಟುವ ಮೊದಲು ತಂತಿ ಕತ್ತರಿಸಬೇಕಂತೆ. ಮೂಡುಬಿದಿರೆಯಲ್ಲಿ ನಾನು ಹೈಸ್ಕೂಲ್ ಟೀಚರು, ಗಂಡ ಗಲ್ಫಿನಲ್ಲಿ, ಮಕ್ಕಳಿಲ್ಲ. ತಂಗಿಯನ್ನು ನನ್ನಲ್ಲಿಗೇ ಕರೆದುಕೊಂಡು ಬಂದೆ. ಪ್ಲಯರನ್ನು ದಿಂಬಿನ ಬದಿಯಲ್ಲಿಟ್ಟುಕೊಂಡು ಅವಳ ಪಕ್ಕದಲ್ಲೇ ಮಲಗುತ್ತಿದ್ದೆ. ಅವಳು ಕೆಮ್ಮಿದರೆ ನನ್ನ ಕೈ ಅದರ ಮೇಲೆ ಹೋಗುತ್ತಿತ್ತು.

ಊಟವೆಂದರೆ ಗಂಜಿತಿಳಿ, ಬೇಳೆಕಟ್ಟು, ಹಾಲು, ಎಲ್ಲವೂ ಸ್ಟ್ರಾದಲ್ಲಿ. ಒಳ್ಳೆಯ ಮೈಕಟ್ಟಿನ ಹುಡುಗಿ ಕಣ್ಣೆದುರೇ ಬತ್ತಿಹೋದಳು. ಹೊತ್ತು ಹೋಗಲು ಅವಳು ಫೋನಿನಲ್ಲಿ ಅಡುಗೆಯ ವೀಡಿಯೊ ನೋಡಲು ಸುರುಮಾಡಿದಳು. ಹಸಿದವಳು ಯಾಕೆ ಅದನ್ನು ನೋಡಬೇಕೋ ನನಗೆ ಅರ್ಥವಾಗುತ್ತಿರಲಿಲ್ಲ. ಒಂದು ಸಂಜೆ ಶಾಲೆಯಿಂದ ಬಂದಾಗ ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಯಾರೋ ದಪ್ಪದ ಮನುಷ್ಯ ಹಂದಿಯ ಪಕ್ಕೆಲುಬಿನ ಇಡೀ ಹಲಗೆಯನ್ನು ಕೆಂಡದ ಮೇಲಿಂದ ಎತ್ತಿ, ಒಂದು ಎಲುಬನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಎಲುಬು ಬೋಳಾಗಿ ಹೊರಗೆ ಬಂತು, ಮಾಂಸ ಅಲ್ಲೇ ಉಳಿಯಿತು. ತಂಗಿ ಚೀಟಿಯಲ್ಲಿ ಬರೆದಳು: 'ಹಲ್ಲು ಬೇಡ ಇದಕ್ಕೆ.'

ತಂತಿ ತೆಗೆದ ದಿನ ಅವಳ ಬಾಯಿ ಎರಡು ಬೆರಳಿನಷ್ಟೂ ತೆರೆಯಲಿಲ್ಲ. ಮೆತ್ತಗಿನದ್ದು ತಿನ್ನಬಹುದು ಎಂದರು ಡಾಕ್ಟರು. ಹೊರಗೆ ಬಂದು ಸ್ಕೂಟರು ಹತ್ತುವಾಗ, ಅಷ್ಟು ವಾರಗಳ ನಂತರ ಅವಳಾಡಿದ ಮೊದಲ ಪೂರ್ತಿ ಮಾತು ಇದು: "ಅಕ್ಕ, ಆ ಎಲುಬು ಮಾಡುವ."

ನಾನು ಬಾಡಿಗೆಗಿರುವುದು ಜೈನರ ಮನೆಯ ಮಾಳಿಗೆಯಲ್ಲಿ. ತಂಗಿಗೆಂದು ದಿನವೂ ಹೆಸರುಬೇಳೆಯ ಸಾರು ಸೋಸಿ ಕಳಿಸಿದ ಮನೆಯೊಡತಿಯ ತಲೆಯ ಮೇಲೆ ಹಂದಿ ಸುಡುವ ಹಾಗಿಲ್ಲ. ಹಾಗಾಗಿ ಬೆಳ್ತಂಗಡಿಯ ಪಕ್ಕ ಲಾಯಿಲದಲ್ಲಿರುವ ಅಮ್ಮನ ಮನೆಯೆಂದು ನಿಶ್ಚಯವಾಯಿತು. ಅಮ್ಮನ ಜೊತೆ ತಂಗಿ ಸರಿಯಾಗಿ ಮಾತಾಡುತ್ತಿರಲಿಲ್ಲ. ಈ ಮೊದಲು ಅವಳು ಏಟು ತಿಂದು ಓಡಿಬಂದಾಗಲೆಲ್ಲ "ಗಂಡಸರಿಗೆ ಸಿಟ್ಟು ಬರ್ತದೆ, ಇಳೀತದೆ" ಎಂದು ಸಮಾಧಾನ ಹೇಳಿ, ಕೈಗೆ ಹಪ್ಪಳದ ಕಟ್ಟು ಕೊಟ್ಟು ವಿಟ್ಲಕ್ಕೆ ವಾಪಸು ಬಿಟ್ಟುಬಂದವಳು ಅಮ್ಮನೇ.

ಭಾನುವಾರ ಬೆಳಿಗ್ಗೆ ಮೂಡುಬಿದಿರೆಯ ಹಂದಿ ಮಾಂಸದ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಪಕ್ಕೆಯ ಭಾಗವನ್ನು ಕೊರಡಿನ ಮೇಲೆ ಹಾಕಿ, ಅಭ್ಯಾಸದ ಹಾಗೆ ಕತ್ತಿ ಎತ್ತಿದ.

"ತುಂಡು ಮಾಡ್ಬೇಡಿ, ಇಡೀ ಕೊಡಿ" ಎಂದೆ.

"ಇಡೀ ಕೊಂಡೋಗಿ ಎಂತ ಮಾಡ್ತೀರಿ ಅಕ್ಕ? ಪಾತ್ರೆಗೆ ಹಿಡೀಲಿಕ್ಕಿಲ್ಲ."

"ಸುಡ್ಲಿಕ್ಕೆ."

ಅವನು ಬೆನ್ನೆಲುಬಿನ ಅಂಚಿಗೆ ಮಾತ್ರ ಕತ್ತಿ ಹಾಕಿದ. ಒಂದೊಂದು ಏಟಿಗೂ ಎಲುಬಿನ ಚೂರು ಸಿಡಿಯಿತು, ಒಂದು ಬಂದು ನನ್ನ ಕೆನ್ನೆಗೆ ತಾಗಿತು. ಸಾಲಿನಲ್ಲಿ ನಿಂತಿದ್ದ ಹೆಂಗಸರು ಹಿಂದೆ ಸರಿದರು. ತಂಗಿ ಸರಿಯಲಿಲ್ಲ. ಕತ್ತಿ ಏಳುವುದನ್ನೂ ಬೀಳುವುದನ್ನೂ ಎವೆಯಿಕ್ಕದೆ ನೋಡುತ್ತ ನಿಂತಿದ್ದಳು. ಅವಳ ಮನಸ್ಸಿನಲ್ಲಿ ಯಾರಿದ್ದರೆಂದು ನಾನು ಕೇಳಲಿಲ್ಲ. ನನ್ನ ಮನಸ್ಸಿನಲ್ಲಿದ್ದವನೂ ಅವನೇ.

ವೇಣೂರು, ಗುರುವಾಯನಕೆರೆ ದಾಟಿ ಲಾಯಿಲ ಮುಟ್ಟಿದಾಗ ಅಮ್ಮ ಅಂಗಳಕ್ಕೆ ಬಂದು ಚೀಲ ನೋಡಿದಳು. "ಅದು ಒಳಗೆ ಬರ್ಲಿಕ್ಕಿಲ್ಲ. ದೈವದ ಕೋಣೆ ಉಂಟು. ಎಂತ ಮಾಡುವುದಿದ್ರೂ ಬಾವಿಯ ಆಚೆ ಮಾಡಿ" ಅಂದಳು. ಅಷ್ಟೇ. ಆದರೆ ನಾನು ಫೋನಿನಲ್ಲಿ ಕೇಳಿದ್ದ ಅರ್ಧ ಸೀಳಿದ ತಗಡಿನ ಡ್ರಮ್ಮು ಬಾವಿಯ ಆಚೆ ಆಗಲೇ ಬಂದು ಕೂತಿತ್ತು. ಪಕ್ಕದಲ್ಲಿ ತೆಂಗಿನ ಗೆರಟೆಯ ರಾಶಿ, ಹಳೆಯ ಕಿಟಕಿಯ ಕಬ್ಬಿಣದ ಸರಳು. ಎಲ್ಲ ಅಮ್ಮನೇ ಮಾಡಿಸಿ ಇಟ್ಟದ್ದು.

ಪಕ್ಕೆಲುಬಿನ ಒಳಬದಿಗೆ ಕಾಗದದಂಥ ಒಂದು ಪೊರೆ ಅಂಟಿಕೊಂಡಿರುತ್ತದೆ. ಅದನ್ನು ತೆಗೆಯದಿದ್ದರೆ ಮಾಂಸ ಎಷ್ಟು ಬೆಂದರೂ ರಬ್ಬರಿನ ಹಾಗೆ ಎಂದು ವೀಡಿಯೊದವನು ಹೇಳಿದ್ದ. ನಾನು ಚಾಕುವಿನ ತುದಿ ತೂರಿಸಿ ಎಬ್ಬಿಸಿದೆ, ಅದು ಜಾರಿತು. "ನನ್ಹತ್ರ ಕೊಡು" ಎಂದಳು ತಂಗಿ. ಬಟ್ಟೆ ಹಿಡಿದು ಆ ಪೊರೆಯನ್ನು ಒಂದೇ ಎಳೆತಕ್ಕೆ ಸೀಳಿ ತೆಗೆದಳು. ಚರ್ಮ ಸುಲಿದಂಥ ಶಬ್ದ ಬಂತು. ಎರಡನೆಯ ಹಲಗೆಯದ್ದನ್ನೂ ಹಾಗೆಯೇ ಕಿತ್ತು, ನಾಯಿಗೆ ಎಸೆದು, ಮಾಂಸಕ್ಕೆ ಉಪ್ಪು, ಮೆಣಸಿನ ಪುಡಿ, ಬೆಲ್ಲ, ಜಜ್ಜಿದ ಬೆಳ್ಳುಳ್ಳಿ ಹಾಕಿ ಮುಷ್ಟಿಯಿಂದ ಗುದ್ದಿದಳು. ವೀಡಿಯೊದವನು ಮೆಲ್ಲಗೆ ಸವರಿದ್ದ. ಇವಳು ಗುದ್ದಿದಳು. ಗುದ್ದಿ ಗುದ್ದಿ ಬೆವರಿ ಕೂತಮೇಲೆ ಅವಳ ಮುಖದಲ್ಲಿ ಸ್ವಲ್ಪ ಬಣ್ಣ ಬಂದಿತ್ತು.

ಗೆರಟೆ ಜೋರಾಗಿ ಹತ್ತಿಕೊಂಡು ಕೆಂಡವಾದ ಮೇಲೆ ಕೆಂಡವನ್ನು ಡ್ರಮ್ಮಿನ ಒಂದು ಬದಿಗೆ ಎಳೆದು, ಇನ್ನೊಂದು ಬದಿಯಲ್ಲಿ ಮಾಂಸ ಇಟ್ಟೆವು. ಒಂದು ಹಲಗೆಯನ್ನು ಫಾಯಿಲಿನಲ್ಲಿ ಸುತ್ತಿ, ಇನ್ನೊಂದನ್ನು ಹಾಗೆಯೇ. ಮೇಲೆ ಅಮ್ಮ ಕೊಟ್ಟ ಹಳೆಯ ತಾಮ್ರದ ಹರಿವಾಣ ಮುಚ್ಚಿದೆವು. ಉರಿ ಏರಿದರೆ ಬೂದಿ ಹಾಕುವುದು, ಇಳಿದರೆ ಗೆರಟೆ ಹಾಕುವುದು, ಅಷ್ಟೇ ಕೆಲಸ. ಟೊಮೆಟೊ, ಬೆಲ್ಲ, ವಿನೆಗರ್ ಹಾಕಿ ಒಂದು ರಸ ಕುದಿಸಿ ಆಗಾಗ ಹಚ್ಚುತ್ತಿದ್ದೆ. ತಂಗಿ ಖುಷಿಯಲ್ಲಿ ಫೋಟೊ ತೆಗೆದು ಸ್ಟೇಟಸ್ ಹಾಕಿದಳು. ಗಂಡನ ನಂಬರು ಬ್ಲಾಕ್ ಮಾಡಿದ್ದಳು, ಅವನ ಅಕ್ಕನದ್ದು ಮಾಡಿರಲಿಲ್ಲ. ಚಿತ್ರದ ಹಿಂದೆ ಅಮ್ಮನ ಬಾವಿಕಟ್ಟೆ ಸ್ಪಷ್ಟವಾಗಿ ಕಾಣುತ್ತಿತ್ತು.

ಊಟದ ಹೊತ್ತು ಮೀರುತ್ತಿರುವಾಗ ಅವನ ಜೀಪು ಬಂತು. ಜೊತೆಗೆ ಅವನ ಗೆಳೆಯನೊಬ್ಬ. ತಂಗಿ ಇಕ್ಕಳ ಹಿಡಿದುಕೊಂಡೇ ಎದ್ದು ನಿಂತಳು.

ಅವನು ಇಳಿದು, ಏನೂ ಆಗಲಿಲ್ಲ ಎಂಬ ಹಾಗೆ ಅಮ್ಮನ ಹತ್ತಿರ ಹೇಳಿದ, "ಮಾಮಿ, ಇವಳನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದು. ಬಾಯಿ ಸರಿ ಆಯ್ತಲ್ಲ. ಕೇಸು ಗೀಸು ಎಲ್ಲ ಮುಗಿಸುವ."

"ಬಿಸಿಲಲ್ಲಿ ಬಂದಿದ್ದಿ. ಕೂತ್ಕೊ. ನೀರು ಬೆಲ್ಲ ತರ್ತೇನೆ" ಎಂದಳು ಅಮ್ಮ.

"ಅಮ್ಮ, ನಿನಗೆ ತಲೆ ಸರಿ ಉಂಟಾ?" ಎಂದೆ. ಅವಳು ನನ್ನ ಮುಖ ನೋಡದೆ ಒಳಗೆ ಹೋದಳು.

ಅವನು ಕೂರಲಿಲ್ಲ. ಡ್ರಮ್ಮಿನ ಹತ್ತಿರ ಬಂದು ಹರಿವಾಣ ಕಾಲಲ್ಲಿ ಸರಿಸಿದ. "ನಾನು ಕೋರ್ಟು ಸ್ಟೇಷನ್ನು ಅಂತ ಅಲೆಯುವುದು, ನಿಮಗೆ ಇಲ್ಲಿ ಹಬ್ಬ" ಎಂದ. ಒದ್ದ. ಸರಳು ಓರೆಯಾಗಿ, ಫಾಯಿಲು ಸುತ್ತದ ಹಲಗೆ ಮಣ್ಣಿಗೆ ಬಿತ್ತು. ನಾಯಿ ಅದನ್ನು ಕಚ್ಚಿಕೊಂಡು ಓಡಿತು.

"ನಡಿ" ಎಂದ ತಂಗಿಗೆ.

"ಬರುವುದಿಲ್ಲ" ಎಂದಳು. ಬಾಯಿ ತೆರೆಯದ ಕಾರಣ ಆ ಮಾತು ಹಲ್ಲಿನ ಎಡೆಯಿಂದ ಬಂತು, ಗುರುಗುಟ್ಟಿದ ಹಾಗೆ ಕೇಳಿಸಿತು. ಅವನು ಅವಳ ಜಡೆಯನ್ನು ಕೈಗೆ ಸುತ್ತಿ ಎಳೆದ. ಅವಳು ಮೊಣಕಾಲೂರಿ ಬಿದ್ದಳು, ಇಕ್ಕಳ ಕೈಯಿಂದ ಹಾರಿತು. ಕೂಗಲು ಅವಳಿಗೆ ಆಗುತ್ತಿರಲಿಲ್ಲ. ಅಷ್ಟು ದೊಡ್ಡ ನೋವಿಗೆ ಅಷ್ಟು ಸಣ್ಣ ಶಬ್ದ ಬರುವುದನ್ನು ನಾನು ಅಂದೇ ಕೇಳಿದ್ದು. ನಾನು ಹಿಂದಿನಿಂದ ಅವನ ಅಂಗಿ ಹಿಡಿದೆ, ತೋಳಿಗೆ ಹಲ್ಲು ಹಾಕಿದೆ. ಅವನು ತಿರುಗದೆಯೇ ಮೊಣಕೈ ಬೀಸಿದ. ಮೂಗಿನೊಳಗೆ ಏನೋ ಮುರಿಯಿತು, ಕಣ್ಣು ಕತ್ತಲಾಯಿತು. ಬಾಯಿಗೆ ಬೆಚ್ಚಗೆ ಉಪ್ಪು ಇಳಿಯಿತು. ನೆಲದಲ್ಲಿ ಕೂತು ನೋಡುವಾಗ ಅವನು ಅವಳನ್ನು ಜೀಪಿನ ಕಡೆಗೆ ಎಳೆಯುತ್ತಿದ್ದ. ಅವಳ ಕಾಲು ಮಣ್ಣಿನಲ್ಲಿ ಗೆರೆ ಎಳೆಯುತ್ತಿತ್ತು. ಕೈ ಮಾತ್ರ ಡ್ರಮ್ಮಿನ ಅಂಚನ್ನು ಹಿಡಿದುಕೊಂಡಿತ್ತು. ಕಾದ ತಗಡು, ಆದರೂ ಬಿಡಲಿಲ್ಲ.

ಡ್ರಮ್ಮಿನ ಒಳಗೆ ಕೆಂಡ ಎಳೆಯಲು ಇಟ್ಟಿದ್ದ ಕಬ್ಬಿಣದ ಸಲಿಕೆ ಅವಳ ಇನ್ನೊಂದು ಕೈಗೆ ಸಿಕ್ಕಿತು. ಅವಳು ಗುರಿ ನೋಡಲಿಲ್ಲ. ಸಲಿಕೆ ತುಂಬ ಕೆಂಡವನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆದಳು. ಅವನ ಎದೆ, ಹೊಟ್ಟೆ, ಪಂಚೆಯ ಮಡಿಕೆ, ಎಲ್ಲ ಕಡೆ ಬಿತ್ತು. ಅವನು ಜಡೆ ಬಿಟ್ಟು ಕುಣಿದ. ನೈಲಾನಿನ ಅಂಗಿ ಕರಗಿ ಮೈಗೆ ಅಂಟಿತು. ಮಾಂಸ ಸುಡುವ ವಾಸನೆ ಆಗಲೇ ಅಂಗಳದಲ್ಲಿತ್ತು, ಅದರ ಜೊತೆಗೆ ಇದೂ ಸೇರಿತು. ಅವಳು ಎದ್ದು ಇನ್ನೊಂದು ಸಲಿಕೆ ತುಂಬಿಸಿದಳು. ಅವನು ಹಿಂದೆ ಹಿಂದೆ ಹೋಗಿ ಬಾವಿಕಟ್ಟೆಗೆ ತಾಗಿ ಬಿದ್ದ. ಬಿದ್ದವನ ಕಾಲಿನ ಮೇಲೆ ಅದನ್ನೂ ಸುರಿದಳು. ಸಾಕು ಎಂದು ನಾನು ಹೇಳಲಿಲ್ಲ. ಇನ್ನೊಂದು ಹಾಕಲಿ ಎಂದೇ ನನಗೆ ಆಸೆ ಇತ್ತು.

ಗೆಳೆಯ ಮುಂದೆ ಬಂದ. ಅಷ್ಟರಲ್ಲಿ ಅಮ್ಮ ಮೆಟ್ಟಿಲಿಳಿದು ಬಂದು ಅವನ ಎದುರು ನಿಂತಳು. ಕೈಯಲ್ಲಿ ನೀರೂ ಇರಲಿಲ್ಲ, ಬೆಲ್ಲವೂ ಇರಲಿಲ್ಲ. ಸೌದೆ ಸೀಳುವ ಕತ್ತಿ ಇತ್ತು.

"ನೀನು ಯಾರ ಮಗನೋ ನನಗೆ ಗೊತ್ತಿಲ್ಲ" ಎಂದಳು, ಸ್ವರ ಏರಿಸದೆ. "ಅವನನ್ನು ಎತ್ತಿ ಜೀಪಿಗೆ ಹಾಕಿಕೊಂಡು ಹೋಗು. ಆಸ್ಪತ್ರೆ ಎಲ್ಲಿ ಉಂಟೂಂತ ಗೊತ್ತುಂಟಲ್ಲ. ಇನ್ನೊಂದು ಹೆಜ್ಜೆ ಈಚೆ ಇಟ್ಟರೆ ನಿನ್ನ ಕಾಲು ಇಲ್ಲೇ ಉಳೀತದೆ."

ಅವನು ಅಮ್ಮನ ಮುಖ ನೋಡಿದ, ಕತ್ತಿ ನೋಡಿದ. ಬಿದ್ದಿದ್ದವನ ಕಂಕುಳಿಗೆ ಕೈ ಹಾಕಿ ಎತ್ತಿದ. ಜೀಪು ಹಿಂದಕ್ಕೆ ಹೋಗುವಾಗ ತುಳಸಿಕಟ್ಟೆಯ ಮೂಲೆಗೆ ತಾಗಿ ಸಿಮೆಂಟು ಒಡೆಯಿತು.

ತಂಗಿಯ ಎರಡೂ ಅಂಗೈ, ತಗಡು ಹಿಡಿದದ್ದೂ ಕಾದ ಸಲಿಕೆ ಹಿಡಿದದ್ದೂ, ಪೂರ್ತಿ ಬೊಕ್ಕೆ ಎದ್ದಿತ್ತು. ಅಮ್ಮ ಬಾವಿಯ ನೀರು ಸೇದಿ ಸೇದಿ ಅದರ ಮೇಲೆ ಹೊಯ್ದಳು. ನನ್ನ ಮೂಗಿಗೆ ಒದ್ದೆ ಬಟ್ಟೆ ಕೊಟ್ಟಳು. ಅನಂತರ ಮೂವರೂ ರಿಕ್ಷಾ ಹಿಡಿದು ಬೆಳ್ತಂಗಡಿ ಠಾಣೆಗೆ ಹೋದೆವು, ಅವನು ಹೋಗಿ ತನ್ನ ಕಥೆ ಹೇಳುವ ಮುಂಚೆ. ಮಹಿಳಾ ಪೊಲೀಸೊಬ್ಬಳು ನಮ್ಮ ಮಾತನ್ನು ಬರೆದುಕೊಂಡು, ತಂಗಿಯ ಹಳೆಯ ಕೇಸಿನ ಕಾಗದ ನೋಡಿ, ನಮ್ಮನ್ನು ಆಸ್ಪತ್ರೆಗೂ ಕಳಿಸಿದಳು. ನಿಮ್ಮ ಮೇಲೂ ದೂರು ಬರಬಹುದು, ಹೆದರಬೇಡಿ ಎಂದಳು. ಬಂತು ಕೂಡ.

ಮನೆಗೆ ಬಂದಾಗ ಬಿಸಿಲು ಇಳಿದಿತ್ತು. ಫಾಯಿಲಿನ ಹಲಗೆ ಡ್ರಮ್ಮಿನ ಮೂಲೆಯಲ್ಲಿ ಬೂದಿಯ ನಡುವೆ ಹಾಗೆಯೇ ಇತ್ತು, ಯಾರೂ ಮುಟ್ಟಿರಲಿಲ್ಲ. ಬಿಚ್ಚಿದೆ. ಒಂದು ತುದಿ ಕರಿಯಾಗಿ ಕಲ್ಲಾಗಿತ್ತು. ನಡುಭಾಗ ಬೆಂದು ತನ್ನದೇ ಕೊಬ್ಬಿನಲ್ಲಿ ತೇಲುತ್ತಿತ್ತು. ಎಲುಬು ಹಿಡಿದು ಎಳೆದೆ. ಬೋಳಾಗಿ ಬರಲಿಲ್ಲ, ಸ್ವಲ್ಪ ಮಾಂಸ ಹಿಡಿದುಕೊಂಡೇ ಬಂತು. ತಂಗಿಯ ಎರಡು ಕೈಗೂ ಪಟ್ಟಿ ಕಟ್ಟಿದ್ದರು. ಅಮ್ಮ ಬಾವಿಕಟ್ಟೆಯ ಮೇಲೆ ಕೂತು, ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ ಅವಳ ಬಾಯಿಗಿಟ್ಟಳು. ಒಂದೊಂದು ತುತ್ತಿಗೂ ದವಡೆ ಟಕ್ ಎಂದು ಶಬ್ದ ಮಾಡುತ್ತಿತ್ತು. ನೋವಾಗುತ್ತದಾ ಎಂದೆ. ಹೌದೆಂದು ತಲೆಯಾಡಿಸಿ ಮತ್ತೆ ಬಾಯಿ ತೆರೆದಳು.

"ಉಪ್ಪು ಕಮ್ಮಿ ಆಯ್ತು" ಎಂದಳು ಕೊನೆಗೆ. ಅಮ್ಮ ನಕ್ಕಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು.

ಅವನಿಗೆ ಬೆಲ್ಲ ನೀರು ಕೊಡಲು ಹೊರಟದ್ದು ಯಾಕೆ ಎಂದು ನಾನು ಮತ್ತೊಂದು ದಿನ ಕೇಳಿದೆ. "ಕೂತವನು ಏಳ್ಲಿಕ್ಕೆ ಹೊತ್ತು ಬೇಕಲ್ಲ, ಅಷ್ಟರಲ್ಲಿ ಕತ್ತಿ ಹುಡುಕುವ ಅಂತ" ಎಂದಳು. ನಿಜವೋ, ಒಳಗೆ ಹೋದ ಮೇಲೆ ಮನಸ್ಸು ಬದಲಾದದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ತಂಗಿ ಮಾತ್ರ ಅಂದಿನಿಂದ ಅಮ್ಮನ ಜೊತೆ ಲಾಯಿಲದಲ್ಲೇ ಉಳಿದಳು. ಬೆಳ್ತಂಗಡಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಆ ಭಾನುವಾರದ ದೂರುಗಳು ಇನ್ನೂ ಬಾಕಿ, ಬಂಟ್ವಾಳದ ಕೋರ್ಟಿನಲ್ಲಿ ದವಡೆಯ ಕೇಸೂ ಇನ್ನೂ ನಡೆಯುತ್ತಿದೆ. ವಾಯಿದೆಯ ದಿನ ನಾನು ರಜೆ ಹಾಕಿ ಜೊತೆಗೆ ಹೋಗುತ್ತೇನೆ. ಅವನು ವರಾಂಡದ ಆಚೆ ತುದಿಯಲ್ಲಿ ಕಾಲು ಸ್ವಲ್ಪ ಎಳೆದುಕೊಂಡು ನಡೆಯುತ್ತಾನೆ. ನಮ್ಮ ಕಡೆ ಬರುವುದಿಲ್ಲ. ತಂಗಿ ಅವನನ್ನು ನೇರ ನೋಡುತ್ತಾಳೆ, ಅವನು ದೃಷ್ಟಿ ತಗ್ಗಿಸುವವರೆಗೆ. ಆಮೇಲೆ ಬಿ.ಸಿ. ರೋಡಿನ ಹೋಟೆಲಿನಲ್ಲಿ ನಾವಿಬ್ಬರೂ ಬನ್ಸು ತಿಂದು, ಅವಳು ಬೆಳ್ತಂಗಡಿ ಬಸ್ಸು, ನಾನು ಮೂಡುಬಿದಿರೆ ಬಸ್ಸು ಹತ್ತುತ್ತೇವೆ.