ಜ್ವರದ ದಿನ ಬೀಳುತ್ತಿದ್ದ ಗೀರು

ಕೊರೋನಾ ಮುಗಿದು ಎರಡನೇ ವರ್ಷ. ಚಿಕ್ಕಬಳ್ಳಾಪುರದಲ್ಲಿದ್ದುಕೊಂಡು ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರೆಗಿನ ಲ್ಯಾಪ್‌ಟಾಪ್‌ಗಳ ಯೋಗಕ್ಷೇಮ ವಿಚಾರಿಸುವ ಫೀಲ್ಡ್ ಸರ್ವಿಸ್ ಎಂಜಿನಿಯರ್ ಹುದ್ದೆ ನನ್ನದು. ಹುದ್ದೆಯ ಹೆಸರು ಉದ್ದ. ಆಸ್ತಿ ಎಂದರೆ ಒಂದು ಸ್ಕ್ರೂಡ್ರೈವರ್ ಸೆಟ್ಟು, ಒಂದು ಹಳೇ ಸ್ಕೂಟರು. ಪರದೆ ಹಾಳುಮಾಡುವ ಸಕಲ ವಿಧಾನಗಳನ್ನೂ ಕಂಡಿದ್ದೇನೆ ಎಂಬ ಸಣ್ಣ ಅಹಂಕಾರವೂ ಇತ್ತು. ಕೀಬೋರ್ಡ್ ಮೇಲೆ ಇಯರ್‌ಫೋನ್ ಬಿಟ್ಟು ಮುಚ್ಚಿದವರು, ಆಯುಧಪೂಜೆಯ ಅಕ್ಷತೆಯ ಸಮೇತ ಮುಚ್ಚಿದವರು, ಪಾತ್ರೆ ತಿಕ್ಕುವ ನಾರಿನಿಂದ ಶ್ರದ್ಧೆಯಾಗಿ ಉಜ್ಜಿದ ಒಬ್ಬ ಮೇಷ್ಟರು. ಎಲ್ಲರಿಗೂ ನನ್ನ ಉಪದೇಶ ಒಂದೇ: ಮೆತ್ತನೆ ಮೈಕ್ರೋಫೈಬರ್ ಬಟ್ಟೆ, ಹಗುರ ಕೈ, ಮುಚ್ಚುವ ಮುಂಚೆ ಒಂದು ನೋಟ.

ಆ ವರ್ಷ ಜಂಗಮಕೋಟೆ ಹತ್ತಿರದ ಒಬ್ಬ ರೇಷ್ಮೆ ಬೆಳೆಗಾರರ ಮನೆಯಿಂದ ದೂರು ಬಂತು. ಆ ಮನೆಯ ಸೊಸೆ ನಾಗವೇಣಿ, ಒಂದು ಖಾಸಗಿ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಹೆಣ್ಣುಮಗಳು. ಲ್ಯಾಪ್‌ಟಾಪ್ ಆ ಕಂಪನಿಯದೇ. ಪರದೆಯ ನಟ್ಟನಡುವೆ ಕೂದಲೆಳೆಯಂಥ ಗೀರುಗಳು ಸುತ್ತಿ ಸುತ್ತಿ ಮೊಟ್ಟೆಯಾಕಾರ ತಾಳಿದ್ದವು. ಅಳೆದೆ: ಎತ್ತರ ಹನ್ನೆರಡು ಸೆಂಟಿಮೀಟರ್, ಅಗಲ ಒಂಬತ್ತು. ಅಂಚಿನ ಕಡೆ ಒಂದೇ ಒಂದು ಗೀರಿಲ್ಲ. ಪ್ಯಾನೆಲ್, ಅಂದರೆ ಚಿತ್ರ ಮೂಡುವ ಇಡೀ ಹಲಗೆಯನ್ನೇ ಬದಲಿಸಿ, ಉಪದೇಶ ಮುಗಿಸಿ ಬಂದೆ.

ಇಪ್ಪತ್ತನಾಲ್ಕನೇ ದಿನ ಮತ್ತೆ ಫೋನು. ಹೋಗಿ ನೋಡಿದರೆ ಅದೇ ಜಾಗ, ಅದೇ ಅಳತೆ. ಈ ಸಲ ಅವಳ ಕಂಪನಿಯಿಂದ ಪತ್ರವೂ ಬಂದಿತ್ತು: ಮೂರನೇ ಸಲ ಹೀಗಾದರೆ ಲ್ಯಾಪ್‌ಟಾಪ್ ವಾಪಸ್ಸು, ಕೆಲಸ ಬೇರೆಯವರಿಗೆ.

"ನಾನೇ ಬೇಕೂಂತ ಗೀಚ್ತೀನಿ ಅಂತಾರೆ ಸಾರ್. ನಮ್ಮ ಯಜಮಾನ್ರು ಡಾಕ್ಟ್ರಿಗೆ ತೋರ್ಸಣ ಅಂತವ್ರೆ," ಅಂದಳು ನಾಗವೇಣಿ.

"ಲ್ಯಾಪ್‌ಟಾಪನ್ನಾ?"

"ನನ್ನ ಸಾರ್."

ಆಮೇಲೆ ದನಿ ತಗ್ಗಿಸಿದಳು. "ನಗಬೇಡಿ. ಹುಳ ಜ್ವರಕ್ಕೆ ಕೂತ ದಿನಾನೇ ಗೀರು ಬೀಳೋದು. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟಿದೀನಿ."

ರೇಷ್ಮೆಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ಅಲ್ಲಾಡದೆ ಸುಮಾರು ಒಂದು ದಿನ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಗೂಡು ಕಟ್ಟುವ ಹೊತ್ತಿಗೆ ನಾಲ್ಕು ಜ್ವರ. ಹುಳುವಿನ ಜ್ವರಕ್ಕೂ ಪರದೆಯ ಗೀರಿಗೂ ನಂಟಿದೆ ಎಂದು ನಮ್ಮ ಸರ್ವಿಸ್ ಮ್ಯಾನುಯಲ್‌ನಲ್ಲಿ ಎಲ್ಲೂ ಬರೆದಿಲ್ಲ. ಆದರೂ ಕ್ಯಾಲೆಂಡರ್ ನೋಡಿದೆ, ಗೀರಿನ ಗುರುತೆಲ್ಲ ಜ್ವರದ ದಿನದ ಮೇಲೇ ಇತ್ತು. ನಗು ಬರಲಿಲ್ಲ. ಹೊಸ ಪ್ಯಾನೆಲ್ ಕೂರಿಸಿ, ಅದರ ಮೇಲೆ ಫ್ಯಾಕ್ಟರಿಯಿಂದಲೇ ಅಂಟಿ ಬರುವ ತೆಳು ಹಾಳೆಯನ್ನು ಕೀಳದೆ ಹಾಗೇ ಬಿಟ್ಟೆ. ನಾಡಿದ್ದೇ ನಾಲ್ಕನೇ ಜ್ವರ ಎಂದಳು. ಬರ್ತೀನಿ ಎಂದೆ.

ಮಧ್ಯಾಹ್ನ ಎರಡು ಗಂಟೆಗೆ ಹೋದಾಗ ಉರಿಬಿಸಿಲು. ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಸೊಳ್ಳೆಪರದೆಯ ಬಾಗಿಲಿನಿಂದಲೇ ಇಣುಕಿದೆ. ಮಾಮೂಲು ದಿನ ಸೊಪ್ಪು ತಿನ್ನುವ ಸದ್ದು ಹೊರಗಿನವರೆಗೂ ಕೇಳುತ್ತದಂತೆ. ಅವತ್ತು ಉಸಿರಿನ ಸದ್ದೂ ಇಲ್ಲ. ಸಾವಿರಾರು ಬಿಳಿ ಹುಳುಗಳು ತಲೆ ಎತ್ತಿಕೊಂಡು ಕಲ್ಲಿನ ಹಾಗೆ ಕೂತಿದ್ದವು. ಅವು ನನ್ನನ್ನೇ ನೋಡುತ್ತಿದ್ದವು ಎಂದು ಜವಾಬ್ದಾರಿಯುತ ಎಂಜಿನಿಯರ್ ಆಗಿ ನಾನು ಬರೆಯಲಾರೆ. ಅಲ್ಲಿಂದ ಸರಿದು ನಿಂತೆ ಎಂದಷ್ಟೇ ಬರೆಯುತ್ತೇನೆ.

ನಾಗವೇಣಿ ನಡುಮನೆಯಲ್ಲಿ ಲ್ಯಾಪ್‌ಟಾಪ್ ಆಫ್ ಮಾಡಿ, ತೆರೆದೇ ಇಟ್ಟು ಊಟಕ್ಕೆಂದು ಎದ್ದಳು. ಇಬ್ಬರೂ ಒಳಕೋಣೆಯ ಬಾಗಿಲ ಹಿಂದೆ ನಿಂತೆವು. ಹತ್ತು ನಿಮಿಷವಾಗಿರಬೇಕು, ನಡುಮನೆಯಲ್ಲಿ ಮಾತು ಕೇಳಿಸಿತು.

"ಊಟ ಆಯ್ತೇನೇ?" ಉತ್ತರ ಕೇಳಿಸಿಕೊಂಡವರ ಹಾಗೆ ಒಂದು ನಗು. "ನಂದೂ ಆಯ್ತು. ಮುಖದ ತುಂಬ ಏನೇ ಧೂಳು, ತಾಳು."

ಆಮೇಲೆ ಸರಸರ ಉಜ್ಜುವ ಸದ್ದು. ನಾಗವೇಣಿ ನನ್ನ ತೋಳು ಹಿಡಿದುಕೊಂಡಳು. ಬಾಗಿಲು ತಳ್ಳಿದೆ.

ಅವಳ ಅತ್ತೆ ನಾರಾಯಣಮ್ಮ ಚಾಪೆಯ ಮೇಲೆ ಕೂತು ಸೆರಗಿನಿಂದ ಪರದೆ ಒರೆಸುತ್ತಿದ್ದರು. ಸೆರಗೆಲ್ಲ ಬೆಳ್ಳಗೆ. ಜ್ವರದ ದಿನ ಹುಳುಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಅದು ಅವರ ಕೆಲಸ. ಪರದೆಯ ಪಾಲಿಗೆ ಆ ಸೆರಗು ಉಪ್ಪುಕಾಗದವೇ ಸರಿ.

"ಯಾರ ಹತ್ರ ಮಾತಾಡ್ತಿದೀರಮ್ಮ?"

"ನಮ್ಮಕ್ಕ ಕಣಪ್ಪ. ಜ್ವರದ ದಿನ ಬಿಟ್ರೆ ನಂಗೆಲ್ಲಿ ಪುರುಸೊತ್ತು?"

"ಅವ್ರಕ್ಕ ತೀರ್ಕೊಂಡು ಇಪ್ಪತ್ತು ವರ್ಷ ಆಯ್ತು ಸಾರ್," ನಾಗವೇಣಿ ಪಿಸುಗುಟ್ಟಿದಳು.

ಹೊಳಪಿನ ಪರದೆ ಆಫ್ ಆದಾಗ ಕಪ್ಪು ಕನ್ನಡಿಯಾಗುತ್ತದೆ, ಕಣ್ಣಿಗೆ ಪೊರೆ ಬಂದವರಿಗೆ ಮೋಸವಾಗುವುದು ಸಹಜ ಎಂದು ಗಂಭೀರವಾಗಿ ವಿವರಿಸಿ, "ಅದು ನೀವೇ ಅಮ್ಮ" ಅಂದೆ.

ಮುದುಕಿ ನನ್ನನ್ನು ಕನಿಕರದಿಂದ ನೋಡಿದರು. "ಓದ್ಕೊಂಡೋನ ನೋಡು! ನಂಗೆ ಮಚ್ಚೆ ಬಲಗೆನ್ನೆ ಮೇಲೆ. ನಮ್ಮಕ್ಕಂಗೆ ಎಡಗೆನ್ನೆ ಮೇಲೆ. ನೀನೇ ನೋಡ್ಕೋ."

ಬಗ್ಗಿ ನೋಡಿದೆ. ಕಪ್ಪಿನೊಳಗಿನ ಮುಖಕ್ಕೆ ಮಚ್ಚೆ ಎಡಗೆನ್ನೆಯ ಮೇಲಿತ್ತು. ಕನ್ನಡಿಯಲ್ಲಿ ಎಡಬಲ ಅದಲುಬದಲಾಗುತ್ತದೆ, ಇದು ಹೈಸ್ಕೂಲು ಪಾಠ. ಆ ಮುಖದ ಪಕ್ಕದಲ್ಲಿ ನನ್ನದೂ ಕಾಣಬೇಕಿತ್ತು. ಕಾಣಲಿಲ್ಲ. ನಾನು ನಿಂತ ಕೋನ ಹಾಗಿತ್ತು ಎಂದು ರಿಪೋರ್ಟಿನಲ್ಲಿ ಬರೆದಿದ್ದೇನೆ.

ಗೀರೆಲ್ಲ ತೆಳುಹಾಳೆಗೆ ಬಿದ್ದಿತ್ತು, ಪ್ಯಾನೆಲ್ ಉಳಿದಿತ್ತು. ಹಾಳೆ ಕಿತ್ತು, ಮ್ಯಾಟ್ ಫಿಲ್ಮ್ ಅಂಟಿಸಿದೆ. ಅದರ ಮೈ ತುಸು ಒರಟು, ಅದರಲ್ಲಿ ಯಾವ ಬಿಂಬವೂ ಮೂಡುವುದಿಲ್ಲ. ನಾರಾಯಣಮ್ಮ ಬಹಳ ಹೊತ್ತು ಅದರ ಮುಂದೆ ಕೂತಿದ್ದರು. ಆಮೇಲೆ ಕೇಳಿದರು:

"ಎಲ್ಲಿಗೆ ಕಳಿಸಿದ್ಯಪ್ಪ ಅವಳ್ನ?"

ನಾನು ಸ್ಕ್ರೂಡ್ರೈವರ್ ಸೆಟ್ಟು ಮಡಚಿಕೊಂಡು ಸ್ಕೂಟರು ಹತ್ತಿದೆ.

ಮೂರು ತಿಂಗಳಾದ ಮೇಲೆ ತಪಾಸಣೆಗೆ ಹೋದೆ. ನಾಗವೇಣಿಯ ಕೆಲಸ ಉಳಿದಿತ್ತು. ಫಿಲ್ಮಿನ ಒಂದು ಮೂಲೆ ಎತ್ತಿ ಬೆಳಕು ಬಿಟ್ಟು ನೋಡಿದೆ: ಪ್ಯಾನೆಲ್ ಮೇಲೆ ಒಂದು ಗೀರೂ ಇಲ್ಲ. ಆದರೆ ಫಿಲ್ಮಿನ ನಟ್ಟನಡುವೆ, ಹನ್ನೆರಡಕ್ಕೆ ಒಂಬತ್ತು ಸೆಂಟಿಮೀಟರ್ ಜಾಗದಲ್ಲಿ, ಒರಟೆಲ್ಲ ಸವೆದು, ಮುಖ ಕಾಣುವಷ್ಟು ಗಾಜಿನಂತೆ ಹೊಳೆಯುತ್ತಿತ್ತು. ಜ್ವರ ಜ್ವರಕ್ಕೂ ಹೊತ್ತುಗಟ್ಟಲೆ ಉಜ್ಜದೆ ಹಾಗಾಗುವುದಿಲ್ಲ. ನಾಗವೇಣಿಯ ಮುಖ ನೋಡಿದೆ.

"ಹಳೇ ಪಂಚೆ ಹರಿದು ಮೆತ್ತಗಿರೋ ಬಟ್ಟೆ ಮಾಡ್ಕೊಟ್ಟಿದೀನಿ ಸಾರ್. ಅತ್ತೆ ಸುಣ್ಣದ ಕೈ ತೊಳ್ಕೊಂಡೇ ಕೂತ್ಕೊತಾರೆ," ಅಂದಳು. ಆಮೇಲೆ ಹೆದರಿಕೊಂಡೇ ಕೇಳಿದಳು, "ಫಿಲ್ಮ್ ಬದಲಾಯಿಸ್ತೀರಾ?"

ನಿಯಮದ ಪ್ರಕಾರ ಬದಲಾಯಿಸಬೇಕು. ಪರದೆ ಸವೆಯದಿರಲಿ ಎಂದು ತಾನು ಸವೆಯುವುದೇ ಫಿಲ್ಮಿನ ಕೆಲಸ ಎಂದು ವರ್ಷಗಟ್ಟಲೆ ಊರೂರಿಗೆ ಹೇಳಿಕೊಂಡು ತಿರುಗಿದವನು ನಾನು. ಅದರ ಪೂರ್ತಿ ಅರ್ಥ ತಿಳಿದದ್ದು ಆ ಮನೆಯಲ್ಲಿ. ನಾವು ಕಾಪಾಡುವುದು ಗಾಜನ್ನು. ಜನ ಕಾಪಾಡಿಕೊಳ್ಳುವುದು ಅದರಲ್ಲಿ ಕಾಣುವುದನ್ನು. ಫಾರಂ ತೆಗೆದು, ಫಿಲ್ಮ್ ಸ್ಥಿತಿ ಎಂಬ ಕಾಲಂನಲ್ಲಿ ಬರೆದೆ: "ಸಾಮಾನ್ಯ ಸವೆತ. ಬದಲಾಯಿಸುವ ಅಗತ್ಯವಿಲ್ಲ."