ಅವ್ವನ ಊದಿದ ಕಣ್ಣು, ಮಾವಶಿಯ ಹಸಿರು ಬಳೆ

ನಾನು ಚಿಕ್ಕವಳಿದ್ದಾಗ ನನಗೊಂದು ಕೆಟ್ಟ ಚಟವಿತ್ತು. ಎದುರಿಗೆ ಕೂತವರ ಮುಖವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಯಾರ ಹುಬ್ಬು ಕೂಡಿವೆ, ಯಾರ ಕಿವಿಯ ತೂತು ದೊಡ್ಡದಾಗಿದೆ, ನಕ್ಕಾಗ ಯಾರ ಮೂಗಿನ ತುದಿ ಕೆಳಗೆ ಬರುತ್ತದೆ, ಎಲ್ಲ ನನಗೆ ಬೇಕು. ಮನೆಗೆ ಬಂದವರು ಮುಜುಗರಪಟ್ಟು ಆಚೆ ತಿರುಗಿ ಕೂರುತ್ತಿದ್ದರು. ಅಷ್ಟೆಲ್ಲ ನೋಡುವ ನಾನು ಹೆತ್ತ ಅವ್ವನ ಮುಖ ಬದಲಾದದ್ದನ್ನು ಮಾತ್ರ ನೋಡಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ ಮಕ್ಕಳೇ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಆಗ ನಾವು ದಾಂಡೇಲಿಯಲ್ಲಿದ್ದೆವು. ಅಪ್ಪ ಕಾಗದದ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಎರಡು ಕೋಣೆಯ ಮನೆ, ಹಿತ್ತಲಲ್ಲಿ ಒಂದು ನುಗ್ಗೆ ಗಿಡ. ಅವ್ವನ ತವರು ಹಳಿಯಾಳದ ಹತ್ತಿರದ ಸಾಂಬ್ರಾಣಿ ಎಂಬ ಹಳ್ಳಿ. ಒಂದು ಬೇಸಿಗೆಯಲ್ಲಿ, ಹತ್ತು ತಿಂಗಳ ಮೇಲೆ ಮಗಳನ್ನು ನೋಡಲೆಂದು, ಅವ್ವನ ತಾಯಿ ಅಂದರೆ ನನ್ನ ಅಜ್ಜಿ ಹಳಿಯಾಳದ ಬಸ್ಸಿನಿಂದ ಇಳಿದು ನಮ್ಮ ಮನೆಗೆ ಬಂದಳು. ತಲೆಯ ಮೇಲಿನ ಅಕ್ಕಿ ಗಂಟು ಕೆಳಗಿಟ್ಟವಳೇ ಅವ್ವನ ಗದ್ದ ಹಿಡಿದು ಮುಖ ಎತ್ತಿದಳು.

"ಅತ್ತೀಯೇನ?"

"ಇಲ್ಲ ಬೇ ಯವ್ವಾ," ಎಂದಳು ಅವ್ವ.

"ಮತ್ತ ಕಣ್ಣ ಯಾಕ ಹಿಂಗ ಊದ್ಯಾವ?"

ಆಗ ನಾನು ನೋಡಿದೆ. ಎಣ್ಣೆಗೆ ಬಿದ್ದ ಪೂರಿಯ ಹಾಗೆ ರೆಪ್ಪೆಗಳು ಉಬ್ಬಿದ್ದವು. ಕಣ್ಣಿನ ಕೆಳಗೆ ಎರಡು ಪುಟ್ಟ ಚೀಲಗಳು. ದಿನಾ ನೋಡುವ ಮುಖ, ದಿನಕ್ಕೆ ಎಳ್ಳಿನಷ್ಟು ಊದಿದರೆ ಯಾರಿಗೆ ಗೊತ್ತಾಗುತ್ತದೆ? ನನಗೆ ಗೊತ್ತಾಗಿರಲಿಲ್ಲ, ಅಪ್ಪನಿಗೂ ಗೊತ್ತಾಗಿರಲಿಲ್ಲ.

ಆವತ್ತಿನಿಂದ ನಾನು ಪತ್ತೇದಾರಿಕೆಗೆ ಇಳಿದೆ. ನಿದ್ದೆ ಸಾಲದೆ ಊದುತ್ತವೆ ಎಂದು ಪಕ್ಕದ ಮನೆಯವರು ಹೇಳಿದರು. ಆದರೆ ಅವ್ವ ಕೂತಲ್ಲೇ ತೂಕಡಿಸುತ್ತಿದ್ದಳು, ನಿದ್ದೆಗೇನೂ ಬರ ಇರಲಿಲ್ಲ. ಉಪ್ಪು ಹೆಚ್ಚಾದರೆ ಊದುತ್ತವೆ ಎಂದು ಇನ್ಯಾರೋ ಹೇಳಿದರು. ನಾನು ಉಪ್ಪಿನಕಾಯಿಯ ಭರಣಿಯನ್ನು ಹಾಸಿಗೆಯ ಹಿಂದೆ ಬಚ್ಚಿಟ್ಟು ಬೈಸಿಕೊಂಡೆ. ಒಲೆಯ ಹೊಗೆ ಎಂದರು. ಹೊಗೆಯಾದರೆ ಕಣ್ಣು ಕೆಂಪಾಗಿ ತುರಿಸಬೇಕು, ಅವ್ವನ ಕಣ್ಣು ತುರಿಸುತ್ತಿರಲಿಲ್ಲ. ಆರಿದ ಚಹಾದಲ್ಲಿ ಬಟ್ಟೆ ಅದ್ದಿ ಕಣ್ಣ ಮೇಲೆ ಇಟ್ಟೆವು. ಕೊಂಚ ಇಳಿದ ಹಾಗೆ ಕಂಡಿತು, ಮರುದಿನ ಮತ್ತೆ ಅಷ್ಟೇ. ದಿನಾ ಬೆಳಿಗ್ಗೆ ಶಾಲೆಯ ಪಾಟಿಯ ಮೇಲೆ ಬಳಪದಿಂದ ಅವ್ವನ ಕಣ್ಣಿನ ಚಿತ್ರ ಬರೆಯುತ್ತಿದ್ದೆ. ಎಂಟು ದಿನವೂ ಚಿತ್ರ ಬದಲಾಗಲಿಲ್ಲ.

ಅಜ್ಜಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳ ಲೆಕ್ಕದಲ್ಲಿ ಕಣ್ಣು ಊದುವುದು ಅಳುವುದರಿಂದ, ಮಗಳು ಅಳುವುದು ಅಳಿಯನಿಂದ. ನಮ್ಮ ಕಡೆಯ ಹಳೆಯ ಹೆಂಗಸರು ಅಳಿಯನೊಡನೆ ನೇರ ಮಾತಾಡುತ್ತಿರಲಿಲ್ಲ. ಅಪ್ಪ ಎರಡು ಮೊಳ ದೂರದಲ್ಲಿ ಕೂತು ಉಣ್ಣುತ್ತಿದ್ದರೂ ಅಜ್ಜಿ ನನ್ನ ಕಡೆ ತಿರುಗಿ, "ನಿಮ್ಮಪ್ಪಗ ಹೇಳು, ನನ್ನ ಮಗಳನ್ನ ಅಳಸಾಕ ನಾ ಕೊಟ್ಟಿಲ್ಲ" ಎಂದಳು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ.

ಕೊನೆಗೆ ಅಜ್ಜಿ ಮಗಳನ್ನು ಸಾಂಬ್ರಾಣಿಗೆ ಕರೆದೊಯ್ಯುವುದೆಂದು ನಿರ್ಧರಿಸಿದಳು. ಹಿರಿಯರು ಕೂತು ಮಾತಾಡುವ ತನಕ ವಾಪಸು ಕಳಿಸುವುದಿಲ್ಲವಂತೆ. ನನ್ನ ಶಾಲೆಗೆ ಬೇಸಿಗೆ ರಜೆ ಇನ್ನೂ ಬಂದಿರಲಿಲ್ಲ, ನಾನು ಅಪ್ಪನ ಹತ್ತಿರ ಉಳಿಯಬೇಕು. ಅವ್ವ ಮತ್ತೆ ಬರುವುದೇ ಇಲ್ಲವೇನೋ ಎಂದು ನಾನು ಅವಳ ಸೆರಗು ಬಿಡದೆ ಹಿಂದೆ ಹಿಂದೆ ತಿರುಗಿದೆ.

ಹೊರಡುವ ದಿನ ಮುಂಜಾನೆ ಅಜ್ಜಿ ಬಳೆ ಇಡಿಸುವ ಹೆಂಗಸನ್ನು ಕರೆಸಿದಳು. ಮಗಳು ಸವೆದ ಬಳೆಯಲ್ಲಿ ತವರಿನ ಹೊಸ್ತಿಲು ದಾಟಬಾರದಲ್ಲ. ಆ ಹೆಂಗಸನ್ನು ಓಣಿಯವರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅವಳ ಹತ್ತಿರ ಅಳತೆಪಟ್ಟಿ ಇರಲಿಲ್ಲ. ಕೈ ಹಿಡಿದು, ಗೆಣ್ಣುಗಳನ್ನು ಒಮ್ಮೆ ಒತ್ತಿ ಕೂಡಿಸಿ, ಅಳತೆ ಹೇಳಿಬಿಡುತ್ತಿದ್ದಳು. ಓಣಿಯ ಯಾವ ಹೆಂಗಸಿನ ಕೈ ಎಷ್ಟು ಎಂಬುದು ಅವಳಿಗೆ ಬಾಯಿಪಾಠ.

ಮಾವಶಿ ಕೆಳಗೆ ಕೂತು ಬಳೆಯ ಗಂಟು ಬಿಚ್ಚಿದಳು. ಗಾಜು ಗಾಜಿಗೆ ತಾಗಿ ಮನೆ ತುಂಬ ಕಿಣಿಕಿಣಿ ಸದ್ದು. "ನಿನ್ನದು ಎರಡೂಕಾಲು ಅಳತಿ," ಎನ್ನುತ್ತ ಹಸಿರು ಬಳೆ ತೆಗೆದು ಅವ್ವನ ಕೈ ಹಿಡಿದಳು. ಬಳೆ ಹೆಬ್ಬೆರಳು ದಾಟಲಿಲ್ಲ. ಎರಡೂವರೆ ತೆಗೆದಳು, ಅದೂ ಗೆಣ್ಣಿನಲ್ಲಿ ನಿಂತಿತು. ಅವಳು ಬಳೆ ಬದಿಗಿಟ್ಟು ಅವ್ವನ ಅಂಗೈಯನ್ನು ತನ್ನ ಎರಡೂ ಕೈಗಳ ನಡುವೆ ಹಿಡಿದು ಒತ್ತಿ ನೋಡಿದಳು. ಹೊರಗೆ ಬಿಸಿಲು ಸುಡುತ್ತಿತ್ತು. ಅವ್ವ ಮಾತ್ರ ಸೆರಗು ಬಿಗಿಯಾಗಿ ಹೊದ್ದುಕೊಂಡಿದ್ದಳು.

"ಇಷ್ಟು ಧಗಿಯೊಳಗ ನಿನ್ನ ಕೈ ಯಾಕ ತಂಗಿ ಇಷ್ಟು ತಣ್ಣಗ ಐತಿ?"

"ಗೊತ್ತಿಲ್ಲ ಮಾವಶಿ. ಭಾಳ ದಿನಾತು, ಥಂಡಿ ಹೋಗವಲ್ದು," ಎಂದಳು ಅವ್ವ. ಅವಳ ದನಿ ದಪ್ಪಗಾಗಿತ್ತು. ನೆಗಡಿ ಇರಬೇಕೆಂದು ನಾವೆಲ್ಲ ಅಂದುಕೊಂಡಿದ್ದೆವು.

ಅಜ್ಜಿ ನಡುವೆ ಬಾಯಿ ಹಾಕಿ, ಅಳಿಯನ ಮನೆಯಲ್ಲಿ ಮಗಳು ಅತ್ತು ಅತ್ತು ಹೀಗಾಗಿದ್ದಾಳೆ ಎಂದು ಹೇಳತೊಡಗಿದಳು. ಮಾವಶಿ ತಲೆಯಾಡಿಸಿದಳು.

"ಅತ್ತರ ಕಣ್ಣ ಊದತಾವ ಅಕ್ಕಾರ, ಖರೆ. ಕೈ ಊದೂದಿಲ್ಲ. ನಲವತ್ತು ವರ್ಷ ಹೆಣ್ಣಮಕ್ಕಳ ಕೈ ಹಿಡದೇನಿ. ಇದು ಮೈಬಂದ ಕೈ ಅಲ್ಲ, ಇದು ಬ್ಯಾನಿ. ಮೊದಲ ಡಾಕ್ಟರ್‌ಗೆ ತೋರಸ್ರಿ."

ಬರಿಗೈಯಲ್ಲಿ ಬಿಡಬಾರದೆಂದು ಅವಳು ಎರಡೂಮುಕ್ಕಾಲು ಅಳತೆಯ ಎರಡೆರಡು ಹಸಿರು ಬಳೆ ಏರಿಸಿದಳು. ಅವೂ ತೊಗಲಿಗೆ ಹತ್ತಿಕೊಂಡು ಕೂತವು. "ಇವು ತಾವಾಗೇ ಜಾರಿ ಬಿದ್ದ ದಿನ ನನ್ನ ಕರೀರಿ. ಅವತ್ತ ಎರಡೂಕಾಲಿನವು ಇಡಸ್ತೇನಿ," ಎಂದು ಗಂಟು ಕಟ್ಟಿಕೊಂಡು ಹೋದಳು.

ಅಪ್ಪ ಮೊದಲ ಪಾಳಿ ಮುಗಿಸಿ ಬಂದಾಗ ಬಾಗಿಲಲ್ಲಿ ಚೀಲಗಳಿದ್ದವು. ನಾನು ಓಡಿಹೋಗಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವನು ಚಹಾ ಕೂಡ ಕುಡಿಯಲಿಲ್ಲ. ನಾಲ್ಕೂ ಜನ ಡಾಕ್ಟರ ಹತ್ತಿರ ನಡೆದೆವು. ಅಪ್ಪ ಮುಂದೆ, ಅಜ್ಜಿ ಹಿಂದೆ, ನಡುವೆ ನನ್ನ ಕೈ ಹಿಡಿದ ಅವ್ವ. ಸಾಂಬ್ರಾಣಿಯ ಬಸ್ಸು ನಮ್ಮ ಮುಂದೆಯೇ ಹೋಯಿತು.

ಡಾಕ್ಟರು ಮೊದಲು ಅವ್ವನ ಉಚ್ಚೆಯನ್ನು ಗಾಜಿನ ನಳಿಗೆಯಲ್ಲಿ ಹಾಕಿ ಸಣ್ಣ ದೀಪದ ಮೇಲೆ ಕಾಸಿದರು. ನನಗೆ ನಗು ತಡೆಯಲಾಗಲಿಲ್ಲ, ಆದರೂ ಕುತ್ತಿಗೆ ಚಾಚಿ ನೋಡಿದೆ. ಮೂತ್ರಪಿಂಡ ಕೆಟ್ಟರೂ ಕಣ್ಣು ಊದುತ್ತವೆ, ಹಾಗೆ ಕೆಟ್ಟಿದ್ದರೆ ಇದು ಕಾದಾಗ ಒಡೆದ ಹಾಲಿನಂತೆ ಬೆಳ್ಳಗಾಗುತ್ತದೆ ಎಂದು ಅವರು ನನಗೆ ತಿಳಿಸಿಕೊಟ್ಟರು. ಬೆಳ್ಳಗಾಗಲಿಲ್ಲ. ಆಮೇಲೆ ಕೂದಲು ಉದುರುತ್ತದೆಯೇ, ಹೊಟ್ಟೆ ಕಟ್ಟುತ್ತದೆಯೇ, ಮೈ ಜಡವೇ ಎಂದು ಕೇಳಿದರು. ಅವ್ವ ಎಲ್ಲಕ್ಕೂ ಹೂಂ ಎಂದಳು. ನನಗೆ ಒಂದೂ ಗೊತ್ತಿರಲಿಲ್ಲ.

ಆಮೇಲೆ ಅವರು ಅವ್ವನನ್ನು ಕುರ್ಚಿಯ ಮೇಲೆ ಮೊಣಕಾಲೂರಿ ನಿಲ್ಲಿಸಿದರು. ಪಾದಗಳು ಕುರ್ಚಿಯ ಹಿಂದೆ ಇಳಿಬಿದ್ದಿದ್ದವು. ಹಿಮ್ಮಡಿಗಿಂತ ಸ್ವಲ್ಪ ಮೇಲೆ ರಬ್ಬರಿನ ಸುತ್ತಿಗೆಯಿಂದ ಟಕ್ಕನೆ ಬಡಿದರು. ಪಾದ ಜಿಗಿಯಿತು, ಆಮೇಲೆ ನಿಧಾನಕ್ಕೆ, ಬಹಳ ನಿಧಾನಕ್ಕೆ, ನಿದ್ದೆಗಣ್ಣಿನಲ್ಲಿದ್ದ ಹಾಗೆ ವಾಪಸು ಬಂತು. ನನ್ನನ್ನೂ ನಿಲ್ಲಿಸಿ ಬಡಿದರು. ನನ್ನ ಪಾದ ಜಿಗಿದದ್ದೂ ತಿಳಿಯಲಿಲ್ಲ, ಬಂದದ್ದೂ ತಿಳಿಯಲಿಲ್ಲ. ಇನ್ನೊಮ್ಮೆ ಬಡಿಯಿರಿ ಎಂದು ಕೇಳಿದೆ.

"ನೀವು ಬಾಯ್ಲರ್‌ದಾಗ ಇರೋರು, ನಿಮಗ ಲಗೂನ ತಿಳೀತೈತಿ," ಎಂದರು ಡಾಕ್ಟರು ಅಪ್ಪನಿಗೆ. "ಗಂಟಲಾಗ ಥೈರಾಯ್ಡ್ ಅಂತ ಸಣ್ಣ ಗ್ರಂಥಿ ಐತಿ. ಅದು ಮೈಗೆ ಕಾವು ಕೊಡತೈತಿ. ಇವರದು ಮಂದ ಆಗೇತಿ, ಕಟ್ಟಿಗಿ ಕಡಿಮಿ ಬಿದ್ದಂಗ. ರಕ್ತ ದೊಡ್ಡ ಊರಿಗೆ ಕಳಸೂಣು. ಅದ ಅಂತ ಖಾತ್ರಿ ಆದರ ದಿನಾ ಖಾಲಿ ಹೊಟ್ಟಿಲೆ ಒಂದು ಗುಳಿಗಿ. ತಪ್ಪಸಬಾರದು."

"ಅಳೂದಕ್ಕ ಅಲ್ಲೇನ್ರಿ?" ಎಂದು ಅಪ್ಪ ಕೇಳಿದ.

"ಅಲ್ಲ," ಎಂದರು ಡಾಕ್ಟರು.

ಮರುದಿನ ಬೆಳಿಗ್ಗೆ ಅಪ್ಪನ ಕಣ್ಣುಗಳು ಊದಿದ್ದವು. ನಾನು ಪಾಟಿ ತಂದು ಬರೆದುಕೊಂಡೆ. ತನ್ನ ಮನೆಯಲ್ಲಿ ಹೆಂಡತಿಗೆ ಸುಖವಿಲ್ಲವೇನೋ, ತನಗೆ ಗೊತ್ತಿಲ್ಲದೆ ಅಳುತ್ತಾಳೇನೋ ಎಂದು ಅವನು ಎಂಟು ದಿನ ಒಳಗೊಳಗೇ ಬೆಂದಿದ್ದ ಎಂಬುದು ನನಗೆ ದೊಡ್ಡವಳಾದ ಮೇಲೆ ತಿಳಿಯಿತು. ಆವತ್ತು ಅಜ್ಜಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. "ನಿಮ್ಮಪ್ಪಗ ಹೇಳು" ಎಂದು ನನ್ನ ಕಡೆ ತಿರುಗಲಿಲ್ಲ. ತಾನೇ ರೊಟ್ಟಿ ಹಿಡಿದು ಮುಂದೆ ಬಂದು, "ಇನ್ನೊಂದು ಹಾಕ್ಲಿ ಏನ್ರಿ?" ಎಂದಳು. ಅಪ್ಪ ಬೇಡ ಎನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನ ಕಣ್ಣಿನ ಊತ ಇಳಿದಿತ್ತು. ಅಳುವಿನ ಊತ ಅಷ್ಟೇ ಎಂದು ನಾನು ಪಾಟಿಯಲ್ಲಿ ಬರೆದೆ.

ರಕ್ತದ ಚೀಟಿ ಬರಲು ಹದಿನೈದು ದಿನ ಬೇಕಾಯಿತು, ಡಾಕ್ಟರು ಹೇಳಿದ್ದೇ ಆಗಿತ್ತು. ಗುಳಿಗೆ ಶುರುವಾದ ಮೇಲೆ ನಾನು ದಿನಾ ಅವ್ವನ ಕೈ ಅಲ್ಲಾಡಿಸಿ ನೋಡುತ್ತಿದ್ದೆ. ಬಳೆ ಮೊದಲು ಸ್ವಲ್ಪ ತಿರುಗಿತು, ಆಮೇಲೆ ಮೊಣಕೈಯವರೆಗೆ ಓಡಾಡಿತು. ದಸರೆಯ ಹೊತ್ತಿಗೆ ಒಂದು ದಿನ ರೊಟ್ಟಿ ಬಡಿಯುವಾಗ ಜಾರಿ ಜೋಳದ ಹಿಟ್ಟಿನಲ್ಲಿ ಬಿತ್ತು. ಅವ್ವ ತನ್ನ ಹಳೆಯ ತೆಳು ದನಿಯಲ್ಲಿ ನಕ್ಕಳು. ನಾನು ಬರಿಗಾಲಲ್ಲೇ ಮಾವಶಿಯ ಮನೆಗೆ ಓಡಿದೆ.

ಈಗ ನಿಮ್ಮ ಕಾಲ ಬೇರೆ. ರಕ್ತ ಕೊಟ್ಟ ಸಂಜೆಗೇ ರಿಪೋರ್ಟು ಫೋನಿಗೆ ಬರುತ್ತದೆ. ಆ ಫೋನು ನನ್ನ ಮುಖ ನೋಡಿಯೇ ತೆರೆದುಕೊಳ್ಳುತ್ತದೆ. ದಿನಾ ನೋಡುತ್ತದೆ, ದಿನಾ ತೆರೆಯುತ್ತದೆ, ಒಂದು ದಿನವೂ ಏನೂ ಅನ್ನಲಿಲ್ಲ. ಜೊತೆಗಿರುವ ನನ್ನ ಸಣ್ಣ ಮಗ, ನಿಮ್ಮ ಕಾಕಾನೂ ಏನೂ ಅನ್ನಲಿಲ್ಲ, ಅವನದು ತಪ್ಪಲ್ಲ. ನಿನ್ನೆ ನೀವು ರಜೆಗೆಂದು ಹುಬ್ಬಳ್ಳಿಯಿಂದ ಬಂದಿರಿ. ನಿಮ್ಮಲ್ಲಿ ಸಣ್ಣವಳು ಚಪ್ಪಲಿ ಬಿಡುವ ಮೊದಲೇ ನನ್ನ ಮುಖ ದಿಟ್ಟಿಸಿ, "ಅಜ್ಜಿ, ಅತ್ತೀಯೇನ?" ಎಂದಳು.

ನಾನು ಟ್ರಂಕಿನಿಂದ ಅವ್ವನ ಆ ಎರಡೂಮುಕ್ಕಾಲಿನ ಹಸಿರು ಬಳೆ ತೆಗೆದು ಅವಳ ಕೈಗೆ ಕೊಟ್ಟು, ಇಡಿಸು ನೋಡೋಣ ಎಂದೆ. ನನ್ನದೂ ಎರಡೂಕಾಲಿನ ಕೈಯೇ. ಬಳೆ ಗೆಣ್ಣಿನಲ್ಲಿ ನಿಂತಿತು. ಅವಳು ಎಣ್ಣೆ ಹಚ್ಚಿ, ನಾಲಿಗೆ ಕಚ್ಚಿ ಹಿಡಿದು, ಏರಿಸಿಯೇ ಬಿಟ್ಟಳು. ನಾಳೆ ಬೆಳಿಗ್ಗೆ ರಕ್ತ ಕೊಡಲು ಹೋಗುತ್ತೇನೆ, ಜೊತೆಗೆ ಅವಳೂ ಬರುತ್ತಾಳೆ. ಬಳೆ ಈಗ ಅಲ್ಲಾಡದೆ ಕೂತಿದೆ. ಅದು ಜಾರಿ ಬಿದ್ದ ದಿನ ಮೊದಲ ಫೋನು ಅವಳಿಗೇ.